ರೊಟ್ಟಿ ಬಡಿಯುವ ಎಡಗೈ

ಗೋರೆಗಾಂವ್‌ನ ನಮ್ಮ ಆಸ್ಪತ್ರೆಯಲ್ಲಿ ಸೋಮವಾರ ಬೆಳಿಗ್ಗೆ ಸ್ತನರೋಗಗಳ ಓಪಿಡಿ. ಆ ದಿನ ಮೂರನೆಯ ಮಹಡಿಯ ಬೆಂಚುಗಳೆಲ್ಲ ಹೆಂಗಸರದು. ಜೊತೆಗೆ ಬಂದ ಗಂಡಂದಿರು, ಅಣ್ಣತಮ್ಮಂದಿರು ಫೈಲು ಹಿಡಿದುಕೊಂಡು ಲಿಫ್ಟಿನ ಹತ್ತಿರ ನಿಲ್ಲುತ್ತಾರೆ. ಯಾರೂ ಹೇಳಿದ್ದಲ್ಲ, ತಾವಾಗಿಯೇ ನಿಲ್ಲುತ್ತಾರೆ. ಹಾಗಾಗಿ ಅರವತ್ತರ ಹತ್ತಿರದ ಗಂಡಸರೊಬ್ಬರು ಬೆಂಚಿನ ತುದಿಯಲ್ಲಿ ಮುದುಡಿ ಕುಳಿತದ್ದು ಎಲ್ಲರ ಕಣ್ಣಿಗೂ ಬಿದ್ದಿತ್ತು. ನಮ್ಮ ಸಿಸ್ಟರ್ ರತ್ನಾಗಿರಿಯ ಕಡೆಯವರು, ಗಂಟಲು ದೊಡ್ಡದು. ಆ ಗಂಡಸಿನ ಕೈಯಿಂದ ಫೈಲು ತೆಗೆದುಕೊಂಡು, "ಪೇಶಂಟ್ ಕುಠೇ ಆಹೇ? ಬಾಯ್ಕೋಲಾ ಆತ್ ಪಾಠವಾ" ಎಂದರು. ರೋಗಿ ಎಲ್ಲಿ, ಹೆಂಡತಿಯನ್ನು ಒಳಗೆ ಕಳಿಸಿ ಅಂತ. ಆತ ಪಕ್ಕದಲ್ಲಿದ್ದ ಹೆಂಡತಿಯನ್ನೊಮ್ಮೆ ನೋಡಿ, ತೋರುಬೆರಳಿನಿಂದ ತಮ್ಮ ಎದೆಯನ್ನೇ ಮುಟ್ಟಿ ತೋರಿಸಿದರು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ನಾನು ಒಳಗಿನಿಂದಲೇ ಇದನ್ನು ನೋಡುತ್ತಿದ್ದೆ. ಗಂಡಸರ ಸ್ತನದ ಕ್ಯಾನ್ಸರ್ ನಾನು ಅಲ್ಲಿಯವರೆಗೆ ಕಂಡದ್ದು ಮೂರೇ ಮೂರು. ಆ ಮೂರೂ ಬೇರೆ ಸರ್ಜನ್ನರ ರೋಗಿಗಳು. ನಾನು ಹಿಂದೆ ನಿಂತು ಕತ್ತು ಉದ್ದ ಮಾಡಿ ನೋಡಿದವಳು. ನನ್ನದೇ ಟೇಬಲ್ಲಿಗೆ ಒಂದು ಬರುತ್ತಿದೆ ಅಂದಾಗ ನನಗಾದದ್ದು ಮೊದಲು ಕುತೂಹಲ, ಆಮೇಲೆ ಕನಿಕರ. ಈ ಕ್ರಮ ಒಳ್ಳೆಯದಲ್ಲ ಅಂತ ಗೊತ್ತು, ಆದರೆ ಆದದ್ದು ಹಾಗೆಯೇ.

ಫೈಲಿನ ಮೇಲೆ ಹೆಸರು ನೋಡಿದೆ, ವಿಜಯಪುರದ ಕಡೆಯದು. ನಾನು ಧಾರವಾಡದವಳು. "ಬರ್ರಿ ಕಾಕಾ, ಕೂಡ್ರಿ. ಏನ ತ್ರಾಸ ಆಗೇದ?" ಅಂದದ್ದೇ ತಡ, ಗಂಡಹೆಂಡತಿ ಇಬ್ಬರ ಮುಖವೂ ಸಡಿಲಾಯಿತು.

"ಬಾಯಾರ, ನಮ್ಮ ಭಾಷಾದಾಗ ಮಾತಾಡ್ತೀರಿ! ಬದುಕಿದಿವಿ ನೋಡ್ರಿ" ಎಂದರು ಹೆಂಡತಿ.

ಆಕೆಯ ಗಂಡ ಕಾಂದಿವಲಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಪಕ್ಕದ ಖಾನಾವಳಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಜೋಳದ ರೊಟ್ಟಿ ಬಡಿಯುವವರು. ಕಟ್ಟಡ ಕೆಲಸಕ್ಕೆ, ವರ್ಕ್‌ಶಾಪಿಗೆ ಬಂದ ನಮ್ಮ ಕಡೆಯ ಮಂದಿಯೆಲ್ಲ ಅಲ್ಲಿ ಉಣ್ಣುತ್ತಾರೆ. ನಾನು ಅವರನ್ನು ರೊಟ್ಟಿ ಕಾಕಾ ಅಂತಲೇ ಕರೆಯತೊಡಗಿದೆ, ಇಲ್ಲೂ ಹಾಗೆಯೇ ಬರೆಯುತ್ತೇನೆ.

ಅಂಗಿ ಬಿಚ್ಚಿದರು. ಎಡ ಮೊಲೆತೊಟ್ಟು ಒಳಗೆ ಜಗ್ಗಿಕೊಂಡಿತ್ತು, ಅದರ ತುದಿಯಲ್ಲಿ ಒಣಗಿದ ರಕ್ತದ ಹೊಪ್ಪಳೆ. ಬೆರಳಿಟ್ಟರೆ ಹಿಂದೆಯೇ ಕಲ್ಲಿನಂಥ ಗಂಟು, ಸುಮಾರು ಎರಡೂವರೆ ಸೆಂಟಿಮೀಟರ್. ಕೊರಳಲ್ಲಿ ಶಿವದಾರಕ್ಕೆ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇತ್ತು. ಆದರೆ ದಾರವನ್ನು ಒಂದು ಪಿನ್ನು ಹಾಕಿ ಬಲಕ್ಕೆ ಜಗ್ಗಿ ಕಟ್ಟಿದ್ದರು. ಅದೇಕೆ ಹಾಗೆ ಅಂತ ಕೇಳಿದೆ.

"ಇದ ಕಾರಣರಿ" ಎಂದರು ಕಾಕಾ. "ಸಣ್ಣಂದಿನಿಂದ ಈ ಕರಡಿಗಿ ಎಡಕ್ಕ ತೂಗತಿತ್ತು. ಬಗ್ಗಿ ಬಗ್ಗಿ ರೊಟ್ಟಿ ಬಡಿಯೂ ಮುಂದ ಅಂಚು ತಿಕ್ಕಿ ತಿಕ್ಕಿ ಗಂಟ ಆಗೈತಿ ಅಂತ ತಿಳಕೊಂಡಿವಿ. ಬಲಕ್ಕ ಸರಿಸಿದಿವಿ. ಗಾಯ ಒಣಗಿತರಿ!"

"ಎಷ್ಟ ದಿನಾ ಆತು ಸರಿಸಿ?"

"ಹ್ವಾದ ವರ್ಷ ಶ್ರಾವಣಕ್ಕರಿ."

ಅಂದರೆ ಒಂದು ವರ್ಷದ ಮೇಲೆ ಮೂರು ತಿಂಗಳು. ಗಾಯ ನಿಜವಾಗಿಯೂ ಒಣಗಿತ್ತು, ಏಕೆಂದರೆ ಉಜ್ಜಾಟ ನಿಂತಿತ್ತು. ಮೂರು ವಾರ ರಕ್ತ ಬರಲಿಲ್ಲ, ಅಷ್ಟಕ್ಕೇ ಕಾರಣ ಸಿಕ್ಕಿತೆಂದು ಇಬ್ಬರೂ ನಿಶ್ಚಿಂತರಾದರು. ಮತ್ತೆ ರಕ್ತ ಕಂಡಾಗ ಹೆಂಡತಿ ಅರಿಶಿನ ಎಣ್ಣೆ ಹಚ್ಚಿದರು, ಓಣಿಯ ಡಾಕ್ಟರು ಮುಲಾಮು ಕೊಟ್ಟರು. ನನಗೆ ಸಿಟ್ಟು ಬಂದದ್ದು ಡಾಕ್ಟರ ಮೇಲೆ. ಗಂಡಹೆಂಡತಿಯ ತರ್ಕದಲ್ಲಿ ಹುಳುಕು ಹುಡುಕಲು ನನಗೆ ಕಷ್ಟವೇ ಆಯಿತು. ತಿಕ್ಕುವ ವಸ್ತು ಇದೆ, ತಿಕ್ಕಿದ ಜಾಗದಲ್ಲಿ ಗಾಯ ಇದೆ, ಸರಿಸಿದರೆ ಒಣಗುತ್ತದೆ. ನಾನೂ ಅಷ್ಟೇ ನೋಡಿದ್ದರೆ ಅದನ್ನೇ ನಂಬುತ್ತಿದ್ದೆ.

ಮ್ಯಾಮೊಗ್ರಫಿಯ ಕೋಣೆಯಲ್ಲಿ ಒಂದು ಸಣ್ಣ ಪ್ರಹಸನವೇ ನಡೆಯಿತು. ಕೊನೆಯ ಮುಟ್ಟಿನ ತಾರೀಖು ತುಂಬದೆ ಕಂಪ್ಯೂಟರ್ ಮುಂದಿನ ಪುಟಕ್ಕೆ ಹೋಗುವುದಿಲ್ಲ. ಟೆಕ್ನೀಷಿಯನ್ ಹುಡುಗಿ ಹತ್ತು ನಿಮಿಷ ಗುದ್ದಾಡಿ, ಕೊನೆಗೆ ಅಂದಿನ ತಾರೀಖನ್ನೇ ಹಾಕಿಬಿಟ್ಟಳು. ಗೌನು ಗುಲಾಬಿ ಬಣ್ಣದ್ದು. ಎರಡು ಫಲಕಗಳ ನಡುವೆ ಹಿಡಿಸಲು ಎದೆಯಲ್ಲಿ ಮಾಂಸವೇ ಸಾಲದು. ಆಕೆ ಎರಡೂ ಕೈಯಿಂದ ಜಗ್ಗಿ ಜಗ್ಗಿ, "ಅಂಕಲ್, ಥೋಡಾ ಔರ್ ಆಗೇ" ಎಂದು ಇನ್ನೂ ಮುಂದೆ ಕರೆಯುವುದು, ಕಾಕಾ ಯಂತ್ರಕ್ಕೆ ಗಲ್ಲ ಒತ್ತಿ ಕಣ್ಣು ಮುಚ್ಚಿಕೊಳ್ಳುವುದು. ಅಂತೂ ಚಿತ್ರ ಬಂತು. ಬೆಳ್ಳಗೆ, ಅಂಚಿನಲ್ಲಿ ಮುಳ್ಳುಮುಳ್ಳಾದ ಗಂಟು. ಅದೇ ದಿನ ಸೂಜಿ ಹಾಕಿ ನಾಲ್ಕು ತುಣುಕು ತೆಗೆದು ಪೆಥಾಲಜಿಗೆ ಕಳಿಸಿದೆ.

ವರದಿ ಬಂದ ದಿನ ಬಾಗಿಲು ಹಾಕಿಸಿ ಹೇಳಿದೆ. ಕ್ಯಾನ್ಸರ್. ಹಾರ್ಮೋನಿನಿಂದ ಬೆಳೆಯುವ ಜಾತಿಯದು. ಸ್ಕ್ಯಾನಿನಲ್ಲಿ ಬೇರೆಲ್ಲೂ ಹೋದಂತೆ ಕಾಣುವುದಿಲ್ಲ.

ಕಾಕಾ, "ಇದು ಹೆಣಮಕ್ಕಳ ಬ್ಯಾನಿ ಅಲ್ಲೇನ್ರಿ?" ಎಂದರು.

ನಾನು ಹಾಳೆಯ ಮೇಲೆ ಬರೆದು ತೋರಿಸಿದೆ. ಗಂಡಸಿಗೂ ಮೊಲೆತೊಟ್ಟಿನ ಹಿಂದೆ ಒಂದು ಚಿಟಿಕೆಯಷ್ಟು ಅದೇ ಮಾಂಸ ಇರುತ್ತದೆ. ಹುಟ್ಟುವಾಗ ಹುಡುಗ ಹುಡುಗಿ ಇಬ್ಬರಿಗೂ ಒಂದೇ. ಹುಡುಗಿಗೆ ಬೆಳೆಯುತ್ತದೆ, ಹುಡುಗನಿಗೆ ಹಾಗೆಯೇ ಉಳಿಯುತ್ತದೆ. ಇದ್ದಲ್ಲಿ ರೋಗವೂ ಬರಬಹುದು. ಬಹಳ ಅಪರೂಪ, ಆದರೆ ಬರುತ್ತದೆ. ಅವರು ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹಂಗಾದ್ರ ಲಿಂಗದ ಮ್ಯಾಲ ಸುಳ್ಳ ತಪ್ಪ ಹೊರಸಿದೆ ನಾ" ಎಂದರು. ಅವರ ಕಣ್ಣು ತುಂಬಿದ್ದು ಆಗ. ಕ್ಯಾನ್ಸರ್ ಅಂದಾಗಲ್ಲ.

ಶಸ್ತ್ರಚಿಕಿತ್ಸೆಯ ವಿಷಯ ಹೇಳುವಾಗ ಎರಡು ಭಾಗ ಮಾಡಿ ಹೇಳುವುದು ನನ್ನ ರೂಢಿ: ಎದೆ, ಕಂಕುಳು. ಎದೆಯಲ್ಲಿ ಗಂಟಿನ ಜೊತೆ ಮೊಲೆತೊಟ್ಟು, ಸುತ್ತಲ ಚರ್ಮ, ಹಿಂದಿನ ಮಾಂಸ ಎಲ್ಲ ಹೋಗುತ್ತದೆ. ಕಾಕಾ ಅದಕ್ಕೆ ಕೈ ಬೀಸಿಬಿಟ್ಟರು. ಆಮೇಲೆ ಕಂಕುಳಿಗೆ ಬಂದೆ. ಎದೆಯಿಂದ ಹೊರಟ ರೋಗ ಮೊದಲು ಹೋಗುವುದು ಅಲ್ಲಿನ ದುಗ್ಧಗ್ರಂಥಿಗಳಿಗೆ, ಕೊಬ್ಬಿನಲ್ಲಿ ಹುದುಗಿರುವ ಸಣ್ಣ ಸಣ್ಣ ಕಾಳುಗಳಿಗೆ. ಕೈಯ ನೀರು ಹೃದಯದ ಕಡೆ ಹರಿಯುವುದೂ ಅವುಗಳ ಮೂಲಕವೇ. ಎಲ್ಲವನ್ನೂ ತೆಗೆದರೆ ಕೆಲವರಿಗೆ ಕೈ ಬಾತು ನಿಲ್ಲುತ್ತದೆ. ಆ ಕೈಗೆ ಸುಟ್ಟಗಾಯ ಆಗಬಾರದು, ಹೆಚ್ಚು ಬಿಸಿ ತಾಕಬಾರದು.

"ಯಾವ ಕೈ?" ಎಂದರು ಹೆಂಡತಿ, ಥಟ್ಟನೆ.

"ಎಡಗೈ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನನಗೆ ಅರ್ಥವಾಗಲಿಲ್ಲ. ಎಡಗೈ ತಾನೇ, ಬಲಗೈ ಅಲ್ಲವಲ್ಲ ಎಂಬ ಸಮಾಧಾನ ನನ್ನ ದನಿಯಲ್ಲಿ ಇದ್ದಿರಬೇಕು.

"ಬಾಯಾರ, ನಾ ಎಡಚ" ಎಂದರು ಕಾಕಾ. "ರೊಟ್ಟಿ ನಾ ಎಡಗೈಲೆನ ಬಡಿಯೂದು. ಮೊದಲ ಮೊದಲ ಮಂದಿ ಮುಖ ಸಿಂಡರಿಸ್ತಿದ್ರು, ಎಡಗೈ ರೊಟ್ಟಿ ಯಾವನ ತಿಂತಾನ ಅಂತ. ಮಾಲಕರು, ತಿಂದ ಮಾತಾಡ್ರಿ ಅಂದ್ರು. ಈಗ ನನ್ನ ರೊಟ್ಟಿ ಇಲ್ಲಂದ್ರ ಎದ್ದ ಹೋಗವರದಾರ. ಎದಿ ಹೋದ್ರ ಹೋಗ್ಲಿ. ಕೈ ಬಿಡ್ರಿ."

ಹೇಗೆ ಬಡಿಯುತ್ತೀರಿ ತೋರಿಸಿ ಅಂದೆ. ನನ್ನ ಮೇಜಿನ ಮೇಲಿದ್ದ ಫೈಲನ್ನೇ ರೊಟ್ಟಿ ಬಡಿಯುವ ಮರದ ಕೊಣಮಿಗೆ ಮಾಡಿಕೊಂಡು ತೋರಿಸಿದರು. ಬಲಗೈ ಬೆರಳು ಅಂಚನ್ನು ಕಾಯುತ್ತ ತಿರುಗಿಸುತ್ತಿತ್ತು, ಎಡ ಅಂಗೈ ಮೇಲಿನಿಂದ ಒಂದೇ ಲಯದಲ್ಲಿ ಬೀಳುತ್ತಿತ್ತು. ಮಣಿಕಟ್ಟು ಮಾತ್ರ ಕೆಲಸ ಮಾಡುತ್ತದೆ ಅಂದುಕೊಂಡಿದ್ದೆ. ನೋಡಿದರೆ ಭುಜದಿಂದ ಹಿಡಿದು ಎದೆಯ ಸ್ನಾಯುವಿನ ತನಕ ಎಲ್ಲವೂ ಅದರಲ್ಲಿ ಸೇರಿತ್ತು. ಹೊರಗೆ ಇಪ್ಪತ್ತು ಜನ ಕಾದಿದ್ದರು, ಸಿಸ್ಟರ್ ಎರಡು ಸಲ ಇಣುಕಿ ಹೋದರು. ನಾನು ಮಾತ್ರ ಮತ್ತೊಂದು ಬಡೀರಿ, ಮತ್ತೊಂದು ಬಡೀರಿ ಅನ್ನುತ್ತ ಕುಳಿತಿದ್ದೆ.

ಕೈ ಉಳಿಸುವ ದಾರಿಯೊಂದಿದೆ. ಮೊಲೆತೊಟ್ಟಿನ ಸುತ್ತ ನೀಲಿ ಬಣ್ಣದ ಮದ್ದು ಚುಚ್ಚಿದರೆ ಅದು ಹರಿದು ಕಂಕುಳಿನ ಮೊದಲ ಒಂದೆರಡು ಗ್ರಂಥಿಗಳನ್ನು ನೀಲಿ ಮಾಡುತ್ತದೆ. ಅವನ್ನಷ್ಟೇ ತೆಗೆದು ಆಪರೇಷನ್ ನಡೆಯುತ್ತಿರುವಾಗಲೇ ಪೆಥಾಲಜಿಸ್ಟರಿಗೆ ಕಳಿಸಬೇಕು. ರೋಗ ಇಲ್ಲ ಎಂದರೆ ಉಳಿದವುಗಳನ್ನು ಮುಟ್ಟುವುದಿಲ್ಲ. ಇದ್ದರೆ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಹೀಗೆ ಹೇಳಿ ಸಹಿ ಮಾಡಿಸಿಕೊಂಡೆ. ಸಹಿಯೂ ಎಡಗೈಯಲ್ಲೇ ಆಯಿತು.

ಆಪರೇಷನ್ನಿನ ಹಿಂದಿನ ದಿನ ಇನ್ನೊಂದು ತೊಡಕು. ಲಿಂಗವನ್ನು ಮೈಯಿಂದ ಬೇರೆ ಮಾಡುವುದಿಲ್ಲ ಎಂದರು ಕಾಕಾ. ಒಮ್ಮೆ ಸುಳ್ಳು ತಪ್ಪು ಹೊರಿಸಿದ್ದೇ ಸಾಕು, ಈಗ ಬಿಚ್ಚಿಯೂ ಇಡಲೇ ಅಂತ ಅವರ ಪ್ರಶ್ನೆ. ನಮ್ಮ ಅರಿವಳಿಕೆ ತಜ್ಞರು ಗುಜರಾತಿನವರು, ನಿಯಮ ಅಂದರೆ ನಿಯಮ. ಕೊರಳಲ್ಲಿ ಆಗದು, ಅದು ನಾವು ಕೊಯ್ಯುವ ಜಾಗ. ಎಡತೋಳು ಆಗದು. ಬಲತೋಳಿಗೆ ರಕ್ತದೊತ್ತಡದ ಪಟ್ಟಿ, ಸಲೈನು. ಕಾಲಿಗೆ ಕಟ್ಟುವ ಮಾತನ್ನು ಯಾರೂ ಎತ್ತಲಿಲ್ಲ. ಉಳಿದದ್ದು ತಲೆ. ಲೋಹದ ಕರಡಿಗೆಯನ್ನು ಹೆಂಡತಿಯ ಕೈಗೆ ಕೊಟ್ಟು, ಲಿಂಗವನ್ನು ಮಾತ್ರ ಬಿಳಿ ವಸ್ತ್ರದಲ್ಲಿ ಸುತ್ತಿ ನೆತ್ತಿಗೆ ಕಟ್ಟಿ, ಮೇಲೆ ಓಟಿಯ ಟೊಪ್ಪಿ ಹಾಕುವುದು ಅಂತ ತೀರ್ಮಾನವಾಯಿತು. ಕಾಕಾ ಒಪ್ಪಿದರು, ಹಿಂದಿನವರು ತಲೆಯ ಮೇಲೂ ಧರಿಸುತ್ತಿದ್ದರಂತೆ. ಅರಿವಳಿಕೆಯವರು ಟೊಪ್ಪಿಯ ಉಬ್ಬನ್ನು ಎರಡು ಸಲ ಮುಟ್ಟಿ ನೋಡಿ, "ಚಲೇಗಾ" ಎಂದು ಒಪ್ಪಿದರು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಶುರು ಮಾಡಿದೆವು. ಎದೆಯ ಕೂದಲು ತೆಗೆದು, ನೀಲಿ ಮದ್ದು ಚುಚ್ಚಿ, ಐದು ನಿಮಿಷ ನಾನೇ ತಿಕ್ಕಿದೆ. ಮೊಲೆತೊಟ್ಟನ್ನು ನಡುವೆ ಇಟ್ಟು ಕಣ್ಣಿನಾಕಾರದ ಕೊಯ್ತ. ಹೆಂಗಸರಲ್ಲಿ ಚರ್ಮಕ್ಕೂ ಸ್ನಾಯುವಿಗೂ ನಡುವೆ ಕೈಯಾಡಿಸಲು ಜಾಗ ಇರುತ್ತದೆ. ಇಲ್ಲಿ ಚರ್ಮ ಎತ್ತಿದರೆ ಒಂದೇ ಬೆರಳಿನಷ್ಟು ಕೆಳಗೆ ಸ್ನಾಯು. ಗಂಡಸರಲ್ಲಿ ಗಂಟು ಸಣ್ಣದಿದ್ದರೂ ಬೇಗ ಕೆಳಗೆ ಅಂಟಿಕೊಳ್ಳುತ್ತದೆ ಅಂತ ಓದಿದ್ದೆ. ಈಗ ಅದು ಏಕೆ ಎಂದು ಕಣ್ಣಿಗೇ ಕಂಡಿತು. ಅದಕ್ಕೆ ಹೋಗಲು ಬೇರೆ ಎಡೆಯೇ ಇಲ್ಲ. ನಿಜಕ್ಕೂ ಒಂದು ಕಡೆ ಗಂಟು ಎದೆಯ ಸ್ನಾಯುವನ್ನು ಕಚ್ಚಿ ಹಿಡಿದಿತ್ತು. ರೊಟ್ಟಿ ಬಡಿಯುವ ಸ್ನಾಯು ಅದು. ದೊಡ್ಡ ಬಿಲ್ಲೆಯಷ್ಟು ಅಗಲದ ತುಂಡನ್ನು ಗಂಟಿನ ಜೊತೆಗೇ ತೆಗೆದೆ, ಬೇರೆ ದಾರಿ ಇರಲಿಲ್ಲ.

ಆಮೇಲೆ ಕಂಕುಳು. ತೆರೆದು ನೋಡಿದರೆ ನೀಲಿ ಎಲ್ಲೂ ಇಲ್ಲ.

ದೀಪ ತಿರುಗಿಸಿ ನೋಡಿದೆ. ಎದೆಯ ಅಂಚಿನಿಂದ ಹಿಂಬಾಲಿಸಿದೆ. ಎರಡು ಇಂಚು ಬಂದ ನೀಲಿ ಗೆರೆ ಅಲ್ಲಿಗೇ ಮಾಸಿಹೋಗಿತ್ತು. ಗಂಟಿನ ಹಿಂದಿನ ನಾಳಗಳು ಕಟ್ಟಿಕೊಂಡಿದ್ದವೋ, ನನ್ನ ಸೂಜಿ ಆಳಕ್ಕೆ ಹೋಯಿತೋ, ಈಗಲೂ ಗೊತ್ತಿಲ್ಲ. ಬಣ್ಣ ಕೈಕೊಟ್ಟರೆ ಎಲ್ಲ ಗ್ರಂಥಿಗಳನ್ನೂ ತೆಗೆಯಬೇಕು ಎನ್ನುವುದು ನಾವು ಕಲಿತ ಪಾಠ. ಅರಿವಳಿಕೆಯವರು ಗಡಿಯಾರ ನೋಡಿದರು.

ನಾನು ಪಾಠಕ್ಕೂ ಕಾಕಾನ ಮಾತಿಗೂ ನಡುವಿನ ದಾರಿ ಹಿಡಿದೆ. ಕಂಕುಳನ್ನು ಅಡ್ಡಹಾಯ್ದು ತೋಳಿನ ಒಳಚರ್ಮಕ್ಕೆ ಹೋಗುವ ಒಂದು ತೆಳು ನರವಿದೆ, ನೂಲಿನಷ್ಟು ದಪ್ಪ. ಅದರ ಕೆಳಗಿನ ಕೊಬ್ಬನ್ನಷ್ಟೇ ಒಟ್ಟಾಗಿ ತೆಗೆದು ಪರೀಕ್ಷಿಸುವ ಪದ್ಧತಿ ನಮ್ಮಲ್ಲಿದೆ. ಮೊದಲ ಗ್ರಂಥಿಗಳು ಬಹುಮಟ್ಟಿಗೆ ಅಲ್ಲೇ ಇರುತ್ತವೆ. ನರದ ಮೇಲಕ್ಕೆ ಹೋಗದೆ ಅಷ್ಟನ್ನೇ ತೆಗೆದು ಕೆಳಗಿನ ಮಹಡಿಗೆ ಕಳಿಸಿದೆ. ಪೆಥಾಲಜಿಸ್ಟ್ ಅದನ್ನು ಹಿಮಗಟ್ಟಿಸಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಲು ನಲವತ್ತು ನಿಮಿಷ. ಆ ನಲವತ್ತು ನಿಮಿಷವೂ ತೆರೆದ ಕಂಕುಳಿನ ಮೇಲೆ ಒದ್ದೆ ಬಟ್ಟೆ ಹಾಸಿ, ಕೈ ಕಟ್ಟಿಕೊಂಡು ನಿಂತಿದ್ದೆ. ಫೋನು ಬಂತು. ಆರು ಗ್ರಂಥಿ, ಆರೂ ಸ್ವಚ್ಛ. ಸಿಸ್ಟರ್ "ಬಾಪ್ಪಾ!" ಎಂದು ಉಸಿರು ಬಿಟ್ಟರು. ಡ್ರೇನಿನ ಕೊಳವೆ ಇಟ್ಟು ಹೊಲಿಗೆ ಹಾಕಿದೆ. ಎಚ್ಚರವಾದ ಕೂಡಲೇ ಕಾಕಾ ಮೊದಲು ನೆತ್ತಿ ಮುಟ್ಟಿಕೊಂಡರು, ಆಮೇಲೆ ಎಡಗೈ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿದರು.

ಒಂಬತ್ತನೆಯ ದಿನ ಪೆಥಾಲಜಿಸ್ಟ್ ಫೋನು ಮಾಡದೆ ತಾವೇ ಮೇಲೆ ಬಂದರು. ಹಾಗೆ ಬಂದರೆ ಸುದ್ದಿ ಒಳ್ಳೆಯದಲ್ಲ. ಹಿಮಗಟ್ಟಿಸಿದಾಗ ಒಂದೆರಡು ಸೀಳು ನೋಡಲು ಮಾತ್ರ ಸಮಯ. ಆಮೇಲೆ ನಿಧಾನಕ್ಕೆ ಇಡೀ ಗ್ರಂಥಿಯನ್ನು ಸೀಳಿ ನೋಡಿದಾಗ ಒಂದರಲ್ಲಿ ರೋಗ ಸಿಕ್ಕಿತ್ತು, ಮೂರು ಮಿಲಿಮೀಟರಿನ ಚುಕ್ಕೆ. "ನಾನು ಅಂದು ನೋಡಿದ ಸೀಳಿನಲ್ಲಿ ಇರಲಿಲ್ಲ" ಎಂದರು. ಅವರ ತಪ್ಪಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಅವರಿಗೆ ಚಹಾ ಬೇಕೇ ಎಂದು ಕೇಳದಷ್ಟು ಸಿಟ್ಟು ನನ್ನಲ್ಲಿತ್ತು.

ಗುರುವಾರ ಎಲ್ಲ ವಿಭಾಗದವರೂ ಸೇರಿ ಕ್ಲಿಷ್ಟ ರೋಗಿಗಳ ವಿಷಯ ಮಾತಾಡುತ್ತೇವೆ. ನಮ್ಮ ಹಿರಿಯ ಸರ್ಜನ್ ಒಂದೇ ವಾಕ್ಯದಲ್ಲಿ ಮುಗಿಸಿದರು: ಮತ್ತೆ ತೆರೆದು ಎಲ್ಲ ಗ್ರಂಥಿ ತೆಗೆಯಿರಿ. ವಿಕಿರಣ ತಜ್ಞೆ, ಎದೆಗೆ ಹೇಗೂ ಕಿರಣ ಕೊಡಬೇಕು, ಕಂಕುಳನ್ನೂ ಸೇರಿಸುತ್ತೇನೆ, ಕೈ ಬಾಯುವ ಸಂಭವ ಅದರಲ್ಲಿ ಕಡಿಮೆ ಎಂದರು. "ಅದು ಹೆಂಗಸರ ಲೆಕ್ಕ" ಎಂದರು ಹಿರಿಯರು. ಅವರ ಮಾತು ನಿಜವೇ. ಗಂಡಸರ ಈ ರೋಗದ ಬಗ್ಗೆ ನಮಗೆ ತಿಳಿದದ್ದರಲ್ಲಿ ಬಹುಪಾಲು ಹೆಂಗಸರಿಂದ ಕಡ ತಂದದ್ದು. "ಎಲ್ಲ ತೆಗೆಯಬೇಕು ಅನ್ನುವುದೂ ಹೆಂಗಸರದೇ ಲೆಕ್ಕ ಅಲ್ಲವೇ ಸರ್?" ಅಂದೆ. ಅವರು ನಕ್ಕರು. ನನ್ನ ರೋಗಿ, ನಾನೇ ಅವರ ಜೊತೆ ಮಾತಾಡಿ ತೀರ್ಮಾನಿಸಬೇಕು ಅಂತಾಯಿತು.

ಕಾಕಾನಿಗೆ ಎರಡನ್ನೂ ಬಿಡಿಸಿ ಹೇಳಿದೆ. "ನೀವ ನನ್ನ ಜಾಗಾದಾಗ ಇದ್ರ ಏನ ಮಾಡ್ತಿದ್ರಿ?" ಎಂದು ಕೇಳಿದರು.

"ಕಿರಣ ತಗೋತಿದ್ದೆ, ಕಾಕಾ. ಆದರ ಖಾತ್ರಿ ಹೇಳಲಿಕ್ಕೆ ಆಗೂದಿಲ್ಲ."

"ಹಿಟ್ಟಿಗೂ ಹಂಗ ರಿ. ಹದಾ ಬಂದೈತೋ ಇಲ್ಲೋ ಬಡದಾಗ ಗೊತ್ತಾಗೂದು. ಕಿರಣ ಕೊಡ್ರಿ."

ನಾಲ್ಕು ಸುತ್ತು ಕೀಮೋ, ಆಮೇಲೆ ಮೂರು ವಾರ ಕಿರಣ, ಆಮೇಲೆ ದಿನಕ್ಕೊಂದು ಹಾರ್ಮೋನಿನ ಮಾತ್ರೆ. ಕೂದಲು ಹೋಯಿತು, ಬಂತು. ರೋಗ ವಂಶದಿಂದ ಬಂದದ್ದೇ ಎಂದು ರಕ್ತ ಪರೀಕ್ಷೆ ಮಾಡಿಸಿದೆವು, ಏನೂ ಸಿಗಲಿಲ್ಲ. ಅವರು ಕಾಂದಿವಲಿಯಿಂದ ಲೋಕಲಿನಲ್ಲಿ ಬಲಗೈಯಲ್ಲಿ ಹಿಡಿಕೆ ಹಿಡಿದು ನಿಂತೇ ಬರುತ್ತಿದ್ದರು. ಖಾನಾವಳಿಯ ಮಾಲಕರು ಒಬ್ಬ ಹೆಂಗಸನ್ನು ರೊಟ್ಟಿಗೆ ಇಟ್ಟುಕೊಂಡು, ಕಾಕಾನಿಗೆ ತಾಟು ತೊಳೆಯುವ, ನೀರು ಕೊಡುವ ಕೆಲಸ ಕೊಟ್ಟಿದ್ದರು. ಏಳನೆಯ ತಿಂಗಳು ಮುಗಿದ ಮೇಲೆ ಕೈಗೆ ಒಪ್ಪಿಗೆ ಕೊಡುತ್ತೇನೆ ಅಂದಿದ್ದೆ. ಅವರು ಆ ದಿನವನ್ನೇ ಕಾಯುತ್ತಿದ್ದರು.

ಆ ದಿನ ಫಿಸಿಯೋಥೆರಪಿಸ್ಟ್ ಟೇಪು ಹಿಡಿದು ಎರಡೂ ಕೈ ಅಳೆದಳು, ಮೊಣಕೈಯಿಂದ ಮೇಲೆ ಹತ್ತು ಸೆಂಟಿಮೀಟರ್, ಕೆಳಗೆ ಹತ್ತು. ಮತ್ತೊಮ್ಮೆ ಅಳೆದಳು. ನನ್ನನ್ನು ಕರೆದಳು. ಎಡಗೈ ಬಲಗೈಗಿಂತ ಎರಡೂವರೆ ಸೆಂಟಿಮೀಟರ್ ದಪ್ಪ. ಎರಡು ದಾಟಿದರೆ ಬಾವು ಅಂತ ಹಿಡಿಯುವುದು ನಮ್ಮ ರೂಢಿ.

ಕಿರಣದ ದಾರಿ ಹಿಡಿಸಿದ್ದು ನಾನು. ಹೆದರಿಕೆ ನನ್ನ ಬಾಯಲ್ಲಿ ಬೈಗುಳವಾಗಿ ಹೊರಬಿತ್ತು.

"ಕಾಕಾ, ಖರೇ ಹೇಳ್ರಿ. ಕದ್ದು ರೊಟ್ಟಿ ಬಡದೀರಿ?"

"ಲಿಂಗದ ಆಣಿ ಮಾಡಿ ಹೇಳ್ತೀನಿ ಬಾಯಾರ, ಒಂದೂ ಬಡದಿಲ್ಲ."

ಬಿಗಿ ತೋಳುಚೀಲ ಹಾಕಬೇಕು, ತವೆಯ ಹತ್ತಿರ ಹೋಗಕೂಡದು, ಮುಂದೆ ನೋಡೋಣ ಅಂದೆ. ಕಾಕಾ ವಾದ ಮಾಡಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಇನ್ನ ತಾಟ ತೊಳಕೋತನ ಇರೂದೇನ್ರಿ ಹಂಗಾದ್ರ?" ಎಂದರು. ಅವರ ಮುಖ ನೋಡಲಾಗದೆ ಫೈಲಿನಲ್ಲಿ ಕಣ್ಣು ನೆಟ್ಟೆ.

ಗೋಡೆಗೆ ಒರಗಿ ನಿಂತಿದ್ದ ಹೆಂಡತಿ ಆಗ ಬಾಯಿ ಬಿಟ್ಟರು. "ಬಾಯಾರ, ಇವರ ಎಡಗೈ ಮೊದಲಿಂದಾನೂ ದಪ್ಪ ಐತಿ. ಖಾನಾವಳ್ಯಾಗ ರೊಟ್ಟಿ ಬಡಿಯಾಕ ಹತ್ತಿದಾಗಿಂದ ನೋಡೀನಿ. ಹೊಸಾ ಅಂಗಿ ತಂದ್ರ ಎಡತೋಳು ಬಿಗೀತಿತ್ತು. ಹೊಲಿಗಿ ಬಿಚ್ಚಿ ನಾನ ಸಡ್ಲ ಮಾಡಿ ಕೊಡೂದು."

ಆಪರೇಷನ್ನಿನ ಮೊದಲಿನ ಅಳತೆ ಎಷ್ಟಿತ್ತು ಅಂತ ಫಿಸಿಯೋಥೆರಪಿಸ್ಟ್ ಕೇಳಿದಳು. ನಾನು ಫೈಲು ತಿರುವಿದೆ. ಗಂಟಿನ ಅಳತೆ ಮೂರು ಕಡೆ ಬರೆದಿದ್ದೆ, ಚಿತ್ರ ಬರೆದಿದ್ದೆ, ಫೋಟೋ ಅಂಟಿಸಿದ್ದೆ. 'ಕೈಗಳ ಸುತ್ತಳತೆ, ಚಿಕಿತ್ಸೆಗೆ ಮುನ್ನ' ಎಂಬ ಖಾನೆ ಖಾಲಿ. ಪ್ರತಿ ಹೆಂಗಸಿನ ಫೈಲಿನಲ್ಲೂ ಮರೆಯದೆ ತುಂಬುವ ಖಾನೆ ಅದು. ಆ ಕೈ ರೊಟ್ಟಿ ಬಡಿಯುವುದನ್ನು ಮೇಜಿನ ಆಚೆ ಕುಳಿತು ಕಾಲು ಗಂಟೆ ನೋಡಿದ್ದೆ, ಆದರೆ ಟೇಪು ಹಿಡಿದಿರಲಿಲ್ಲ. ಗಂಡಸಿನ ಎದೆಯಲ್ಲಿ ಗಂಟು ಎಂಬ ವಿಚಿತ್ರವನ್ನೇ ನೋಡುತ್ತ ನಾನು ಮಾಮೂಲಿ ಕೆಲಸ ಮರೆತಿದ್ದೆ. ಮೂವರ ಎದುರಿಗೂ, "ಇದು ನನ್ನ ತಪ್ಪು" ಅಂದೆ.

"ಕಾಕೂ, ಹಳೇ ಅಂಗಿ ಯಾವುದರ ಉಳದಾವೇನು? ಬ್ಯಾನಿ ಬರೂಕಿಂತ ಮೊದಲಿನವು?"

"ಎರಡ ಅದಾವ್ರಿ."

ಮರುದಿನ ಓಪಿಡಿ ಇಲ್ಲದಿದ್ದರೂ ಬಂದೆ. ಅವರು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಅಂಗಿ ತಂದಿದ್ದರು. ಒಂದು ಮಗಳ ಮದುವೆಗೆ ಹೊಲಿಸಿದ ಕೆನೆಬಣ್ಣದ್ದು, ಒಂದು ನೀಲಿ ಚೌಕಳಿಯದು. ಎರಡರಲ್ಲೂ ಎಡತೋಳಿನ ಒಳಹೊಲಿಗೆ ಬಿಚ್ಚಿ, ಮಡಿಕೆಯ ಬಟ್ಟೆಯನ್ನೆಲ್ಲ ಹೊರಗೆ ತಂದು, ಅಂಚಿನಲ್ಲಿ ಕೈಹೊಲಿಗೆ ಹಾಕಿತ್ತು. ಟೇಲರನ ಹಳೆಯ ಹೊಲಿಗೆಯ ತೂತುಗಳು ಸಾಲಾಗಿ ಹಾಗೆಯೇ ಇದ್ದವು. ಫಿಸಿಯೋಥೆರಪಿಸ್ಟ್ ಅಂಗಿಗಳನ್ನು ಮೇಜಿನ ಮೇಲೆ ಹಾಸಿ ನಾಲ್ಕೂ ತೋಳು ಅಳೆದಳು. ಎರಡೂ ಅಂಗಿಗಳಲ್ಲಿ ಎಡತೋಳಿನ ಸುತ್ತಳತೆ ಬಲಕ್ಕಿಂತ ಎರಡೂವರೆ ಸೆಂಟಿಮೀಟರ್ ಹೆಚ್ಚು.

"ಹಾಕ್ಕೊಳ್ರಿ" ಅಂದೆ.

ಕಾಕಾ ಮದುವೆಯ ಅಂಗಿ ತೊಟ್ಟರು. ಎಡಗೈ ಎಲ್ಲೂ ಸಿಕ್ಕದೆ ತೋಳಿನೊಳಗೆ ಇಳಿಯಿತು. ಹೆಂಡತಿ ಮುಂದೆ ಬಂದು ಎಡತೋಳಿನ ಬಟ್ಟೆಯನ್ನು ಎರಡು ಬೆರಳಿನಿಂದ ಹಿಡಿದು ಎತ್ತಿದರು, ಆಮೇಲೆ ಬಲತೋಳಿನದನ್ನು. "ಇಷ್ಟ ಇರತಿತ್ತು. ಈಗೂ ಇಷ್ಟ ಐತಿ" ಎಂದರು. ಫಿಸಿಯೋಥೆರಪಿಸ್ಟ್ ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಿದಳು, ಗುಳಿ ಬೀಳಲಿಲ್ಲ. ಬೆರಳಿನ ಚರ್ಮ ಚಿವುಟಿದಳು, ಸಲೀಸಾಗಿ ಎದ್ದಿತು. ಅಂಗೈಯ ಹಿಂಭಾಗದಲ್ಲಿ ರಕ್ತನಾಳಗಳು ಎದ್ದು ಕಾಣುತ್ತಿದ್ದವು. ನಾವು ಅಳೆದದ್ದು ಬಾವನ್ನಲ್ಲ, ಇಪ್ಪತ್ತೆಂಟು ವರ್ಷದ ಕೆಲಸವನ್ನು.

ನನಗೆ ಕಾಕಾನಿಗಿಂತ ಆ ಹೆಂಗಸನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಫಿಸಿಯೋಥೆರಪಿಸ್ಟ್ ಖಾಲಿ ಖಾನೆಯಲ್ಲಿ ಅಂಕಿಗಳನ್ನು ತುಂಬಿ, ಪಕ್ಕದಲ್ಲಿ 'ಹಳೆಯ ಅಂಗಿಯಿಂದ' ಎಂದು ಬರೆದು ನನ್ನ ಕಡೆ ತಳ್ಳಿದಳು. ಸಹಿ ಹಾಕಿದೆ.

"ಹಂಗಾದ್ರ ನಾಳಿಗೆ ತವಾದ ಮುಂದ ಕೂಡ್ಲೇನ್ರಿ?" ಕಾಕಾ ಅಂಗಿ ಬಿಚ್ಚಿರಲೇ ಇಲ್ಲ.

"ಕೂಡ್ರಿ. ಸುಟ್ಟುಕೋಬ್ಯಾಡ್ರಿ, ತಿಂಗಳಿಗೊಮ್ಮೆ ಬಂದು ಅಳಸ್ರಿ. ಮೊದಲಿಗೆ ದಿನಕ್ಕ ಇಪ್ಪತ್ತ ರೊಟ್ಟಿ."

"ಇಪ್ಪತ್ತ?" ಅವರು ಹೆಂಡತಿಯ ಕಡೆ ತಿರುಗಿದರು, ನಾನು ಅವರನ್ನು ಅವಮಾನ ಮಾಡಿದೆನೇನೋ ಎಂಬಂತೆ. "ಬಾಯಾರ, ಇಪ್ಪತ್ತಕ್ಕ ತವಾ ಸುದ್ದಾ ಕಾಯೂದಿಲ್ಲ. ನೂರ ಅನ್ರಿ."

"ಮೂವತ್ತು."

"ಎಂಬತ್ತ."

"ಇದೇನ ಭಾಜಿ ಮಾರ್ಕೆಟ್ಟೇನ್ರಿ?" ಎಂದು ಹೆಂಡತಿ ಗದರಿದರು. ಅವರು ಗದರುತ್ತಲೇ ಅಳುತ್ತಿದ್ದರು, ಸೆರಗಿನಿಂದ ಮೂಗು ಒರೆಸಿಕೊಂಡು, "ಬಾಯಾರ ಹೇಳಿದಷ್ಟ ಬಡೀರಿ" ಎಂದರು.

ಔಷಧಿಯ ಚೀಟಿ ಎಳೆದುಕೊಂಡೆ. ಮೇಲೆ ಇಂಗ್ಲಿಷಿನಲ್ಲಿ ಎಂದಿನಂತೆ ಮಾತ್ರೆಯ ಹೆಸರು, ದಿನಕ್ಕೊಂದು. ಅದರ ಕೆಳಗೆ, ಖಾನಾವಳಿಯ ಮಾಲಕರಿಗೂ ಓದಲು ಬರಲಿ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದೆ: ಜೋಳದ ರೊಟ್ಟಿ, ದಿನಕ್ಕೆ ಐವತ್ತು, ಎಡಗೈಯಿಂದ.